ಕೊಬ್ಬರಿ ಎಣ್ಣೆ: ಸೇರಿಸುವದೋ, ಬದಲಿಸುವದೋ?

ಎಣ್ಣೆ ತುಪ್ಪಗಳಿಗೆ ಸಂಸ್ಕೃತದಲ್ಲಿ ಸ್ನೇಹವೆಂದು ಹೆಸರು. ಪ್ರೀತಿಗೂ ಅದೇ ಹೆಸರು. ಒಣಗಿದ್ದನ್ನು ಮೃದುವಾಗಿಸುವದು ಎರಡರ ಗುಣ. ಮಿತಿಮೀರಿದರೆ ಭಾರವಾಗುವದು ಎರಡರ ದೋಷ. ತೈಲವೆಂಬ ಶಬ್ದವು ತಿಲ, ಅಂದರೆ ಎಳ್ಳಿನಿಂದ ಹುಟ್ಟಿತು. ಕನ್ನಡದ ಎಣ್ಣೆಯ ಹುಟ್ಟೂ ಹಾಗೆಯೇ. ‘ಎಳ್’ ‘ನೆಯ್’ ಎಂಬೆರಡು ಮಾತುಗಳು ಕೂಡಿ ಎಣ್ಣೆಯಾಯಿತು, ಅಂದರೆ ಎಳ್ಳಿನ ತುಪ್ಪ. ಆ ಲೆಕ್ಕದಿಂದ ಕೊಬ್ಬರಿ ಎಣ್ಣೆಯೆಂದರೆ ‘ಕೊಬ್ಬರಿಯ ಎಳ್ಳುತುಪ್ಪ’ವೆಂದಾಗುತ್ತದೆ! ಶಬ್ದವು ತನ್ನ ಮೂಲವನ್ನು ಮರೆತು ಹೀಗೆ ಊರೂರು ತಿರುಗುವದರಲ್ಲಿ ದೋಷವೇನೂ ಇಲ್ಲ. ಆದರೆ ಆಹಾರವು ತನ್ನ ಮೂಲವನ್ನು ಬಿಟ್ಟು ಬೇರೊಂದು ನಾಡಿನ ತಾಟಿಗೆ ಬಂದಾಗ, ಅದನ್ನು ಬರಮಾಡಿಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳುವದು ಗೃಹಸ್ಥರ ಧರ್ಮ.

ಕೆಲವು ವರ್ಷಗಳಿಂದ ನಮ್ಮ ಇಂಡಿಯ ಕಡೆಯಲ್ಲಿಯೂ ಒಂದು ಮಾತು ಹಬ್ಬಿದೆ. ನಿತ್ಯದ ಆಹಾರದಲ್ಲಿ ಕೊಬ್ಬರಿ ಎಣ್ಣೆಯನ್ನು ಸೇರಿಸಿಕೊಂಡರೆ ಮೈ ಇಳಿಯುವದಂತೆ, ಬುದ್ಧಿ ಚುರುಕಾಗುವದಂತೆ, ಹೃದಯಕ್ಕೆ ಬಲ ಬರುವದಂತೆ. ಕೆಲವರು ಬೆಳಗಿನ ಚಹದಲ್ಲಿ ಹಾಕಿಕೊಳ್ಳುತ್ತಾರೆ, ಕೆಲವರು ಬರಿಹೊಟ್ಟೆಗೆ ಚಮಚದಿಂದ ಕುಡಿಯುತ್ತಾರೆ. ನಿವೃತ್ತ ಮಾಸ್ತರನ ಮನೆಗೆ ಜನರು ಅರ್ಜಿ ಬರೆಸಲಿಕ್ಕೆ ಬರುವಂತೆ ಇಂಥ ಸಂಶಯಗಳನ್ನು ಕೇಳಲಿಕ್ಕೂ ಬರುವದುಂಟು. ನಾವು ವೈದ್ಯರಲ್ಲ. ಆದರೆ ಓದಿ ತಿಳಿಯತಕ್ಕದ್ದನ್ನು ಓದಿ, ತೂಗಿ, ಕುಟುಂಬದ ಹಿರಿಯರ ಮುಂದೆ ಇಡುವದು ಅಕ್ಷರಸ್ಥರ ಕೆಲಸವೆಂದು ತಿಳಿದು ಈ ಲೇಖನವನ್ನು ಬರೆಯುತ್ತೇವೆ.

ಮೊದಲು ನಮ್ಮ ನೆಲದ ಎಣ್ಣೆಗಳ ವಿಚಾರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೆಂದರೆ ಬಹುಮಟ್ಟಿಗೆ ಕರಿಯ ಮಣ್ಣಿನ ಬಯಲು. ಮಳೆ ಅಲ್ಪ, ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು. ಆ ಮಣ್ಣು ಹಿಡಿದಿಟ್ಟುಕೊಂಡ ತೇವದ ಮೇಲೆ ಹಿಂಗಾರಿಯ ಬಿಳಿಜೋಳ ಬೆಳೆಯುತ್ತದೆ. ಆ ಜೋಳದ ನಡುವೆ ಅಕ್ಕಡಿ ಸಾಲಾಗಿಯೂ, ಹೊಲದ ಅಂಚಿಗೆ ಬೇಲಿಯಾಗಿಯೂ ಕುಸುಬಿಯನ್ನು ಬಿತ್ತುವದು ಹಿಂದಿನಿಂದ ಬಂದ ವಾಡಿಕೆ. ಕುಸುಬಿಗೆ ಮುಳ್ಳುಂಟು, ದನ ಕರುಗಳು ಅದನ್ನು ದಾಟಿ ಜೋಳಕ್ಕೆ ಬಾಯಿ ಹಾಕಲಾರವು. ಎಳೆಯ ತಪ್ಪಲು ರೊಟ್ಟಿಯ ಜೊತೆಗೆ ಪಲ್ಯ, ಕಾಳನ್ನು ಅರೆದು ಹಿಂಡಿದ ಹಾಲಿನಿಂದ ಹುಗ್ಗಿ, ಗಾಣಕ್ಕೆ ಹಾಕಿದರೆ ಎಣ್ಣೆ, ಉಳಿದ ಹಿಂಡಿ ದನಗಳಿಗೆ. ಹಿಂದಿನ ಕಾಲದಲ್ಲಿ ಅದರ ಹೂವಿನ ಎಸಳುಗಳಿಂದ ಬಟ್ಟೆಗೆ ಕೆಂಪು ಬಣ್ಣ ಕಟ್ಟುತ್ತಿದ್ದರು. ಸಂಸ್ಕೃತ ಕಾವ್ಯಗಳಲ್ಲಿ ಬರುವ ಕೌಸುಂಭ ವಸ್ತ್ರವೆಂದರೆ ಇದರ ಬಣ್ಣದ್ದೇ. ಒಂದೇ ಗಿಡವು ಬೇಲಿ, ಪಲ್ಯ, ಹಾಲು, ಎಣ್ಣೆ, ಬಣ್ಣ, ದನದ ಮೇವು ಇಷ್ಟೆಲ್ಲ ಆಗುವದು ಸಾಮಾನ್ಯ ಸಂಗತಿಯಲ್ಲ.

ಕುಸುಬಿಯ ಜೊತೆಗೆ ಶೇಂಗಾ, ಎಳ್ಳು, ಗುರೆಳ್ಳು, ಅಗಸಿಗಳೂ ನಮ್ಮ ಮನೆಗಳಲ್ಲಿ ಉಂಟು. ಇವುಗಳಲ್ಲಿ ಶೇಂಗಾ ಗಾಣಕ್ಕೂ ಹೋಗುತ್ತದೆ, ಹಿಂಡಿಯಾಗಿ ತಾಟಿಗೂ ಬರುತ್ತದೆ. ಗುರೆಳ್ಳು, ಅಗಸಿಗಳು ಹೆಚ್ಚಾಗಿ ಹುರಿದು ಕುಟ್ಟಿದ ಹಿಂಡಿಯಾಗಿಯೇ ಬರುತ್ತವೆ. ಎಳ್ಳನ್ನು ಸಂಕ್ರಾಂತಿಯ ಸಜ್ಜಿರೊಟ್ಟಿಯ ಮೇಲೆ ಕಾಣುತ್ತೇವೆ. ಹಿಂಡಿಯ ಮೇಲೆ ಹಸಿ ಎಣ್ಣೆಯನ್ನು ತೊಟ್ಟು ಹಾಕಿ ರೊಟ್ಟಿಗೆ ಹಚ್ಚಿ ತಿನ್ನುವ ಸುಖವನ್ನು ಈ ಕಡೆಯ ವಾಚಕರಿಗೆ ವರ್ಣಿಸಬೇಕಾದುದಿಲ್ಲ. ಬಸವಣ್ಣನವರು ಹುಟ್ಟಿದ ನೆಲವಿದು. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಗಾಣದ ಕಣ್ಣಪ್ಪನೆಂಬ ಗಾಣಿಗನೂ ಇದ್ದನು. ಗಾಣದ ಕಾಯಕವು ಅಷ್ಟು ಹಳೆಯದು, ಅಷ್ಟು ಗೌರವದ್ದು.

ಇನ್ನು ತೆಂಗಿನ ನಾಡು. ಮಂಗಳೂರು, ಉಡುಪಿ, ಕಾಸರಗೋಡುಗಳಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿ ತೆಂಗು ಮನೆಯ ಹಿತ್ತಲಲ್ಲಿಯೇ ನಿಂತಿದೆ. ೧೯೧೬ರಲ್ಲಿ ಅಂದಿನ ಮದ್ರಾಸ್ ಸರಕಾರವು ಕಾಸರಗೋಡಿನಲ್ಲಿ ತೆಂಗಿನ ಸಂಶೋಧನ ಕೇಂದ್ರವನ್ನು ತೆರೆಯಿತು. ಅದೇ ಮುಂದೆ ೧೯೭೦ರಲ್ಲಿ ಕೇಂದ್ರೀಯ ತೋಟಬೆಳೆಗಳ ಸಂಶೋಧನ ಸಂಸ್ಥೆಯಾಯಿತು. ಆ ಕಡೆಯ ಕನ್ನಡ ಮನೆಗಳಲ್ಲಿ ಒಗ್ಗರಣೆಯೂ ಕೊಬ್ಬರಿ ಎಣ್ಣೆಯದೇ, ಹಪ್ಪಳ ಕರಿಯುವದೂ ಅದರಲ್ಲಿಯೇ. ಬಯಲು ಸೀಮೆಯಲ್ಲಿ ತಿಪಟೂರು ಕೊಬ್ಬರಿಯ ದೊಡ್ಡ ಪೇಟೆ. ಆದರೆ ಅಲ್ಲಿಯ ಉಂಡೆ ಕೊಬ್ಬರಿ ಹೆಚ್ಚಾಗಿ ತಿನ್ನಲಿಕ್ಕೆ ಹೋಗುವದು, ಗಾಣಕ್ಕಲ್ಲ. ನಮ್ಮ ಇಂಡಿಯ ಮನೆಗಳಿಗೆ ತೆಂಗು ಬರುವದು ದೇವರ ಕಾಯಿಯಾಗಿ, ಉಡಿ ತುಂಬುವ ಕೊಬ್ಬರಿ ಬಟ್ಟಲಾಗಿ, ಮಸಾಲೆಯಲ್ಲಿ ಬೀಳುವ ಒಣ ಕೊಬ್ಬರಿಯ ಚೂರಾಗಿ. ಅದರ ಎಣ್ಣೆಯ ಸ್ಥಾನವೆಂದರೆ ತಲೆ. ಚಳಿಗಾಲದಲ್ಲಿ ಬಾಟಲಿಯೊಳಗೆ ಅದು ಹೆಪ್ಪುಗಟ್ಟಿ ಕೂಡುವದನ್ನೂ, ಹುಡುಗಿಯರು ಅದನ್ನು ಬಿಸಿಲಿಗಿಟ್ಟು ಕರಗಿಸಿಕೊಳ್ಳುವದನ್ನೂ ಎಲ್ಲರೂ ಕಂಡಿದ್ದಾರೆ.

ಆ ಹೆಪ್ಪುಗಟ್ಟುವಿಕೆಯಲ್ಲಿಯೇ ಈ ಎಣ್ಣೆಯ ಸ್ವಭಾವದ ಗುಟ್ಟು ಇದೆ. ಕೊಬ್ಬರಿ ಎಣ್ಣೆಯು ಸುಮಾರು ೨೪ ಡಿಗ್ರಿ ಸೆಲ್ಸಿಯಸಿಗೆ ಗಟ್ಟಿಯಾಗುತ್ತದೆ. ಕುಸುಬಿ ಎಣ್ಣೆಯು ನಮ್ಮೂರಿನ ಯಾವ ಚಳಿಗೂ ಗಟ್ಟಿಯಾಗುವದಿಲ್ಲ. ಕಾರಣವೇನು? ಎಣ್ಣೆ ಯಾವುದೇ ಇರಲಿ, ಅದು ಇಂಗಾಲದ ಉದ್ದ ಸರಪಣಿಗಳಿಂದಾದುದು. ಆ ಸರಪಣಿಯ ಕೊಂಡಿಗಳೆಲ್ಲ ಜಲಜನಕದಿಂದ ಪೂರ್ತಿ ತುಂಬಿದ್ದರೆ ಅದನ್ನು ಪರ್ಯಾಪ್ತ ಕೊಬ್ಬು ಎನ್ನುತ್ತಾರೆ. ವೈದ್ಯರ ಬಾಯಲ್ಲಿ ಅದೇ ‘ಸ್ಯಾಚುರೇಟೆಡ್’. ತುಂಬಿದ ಸರಪಣಿಗಳು ಸೆಟೆದು ಒಂದರ ಪಕ್ಕ ಒಂದು ಒತ್ತಾಗಿ ಕೂಡುತ್ತವೆ, ಆದುದರಿಂದ ಬೇಗ ಗಟ್ಟಿಯಾಗುತ್ತವೆ. ಅಲ್ಲಲ್ಲಿ ಸ್ಥಳ ಖಾಲಿ ಬಿಟ್ಟ ಸರಪಣಿಗಳು ಬಾಗಿರುತ್ತವೆ, ಒತ್ತಾಗಿ ಕೂಡಲಾರವು, ದ್ರವವಾಗಿಯೇ ಉಳಿಯುತ್ತವೆ, ಅವು ಅಪರ್ಯಾಪ್ತ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲು ಪರ್ಯಾಪ್ತ ಕೊಬ್ಬು. ತುಪ್ಪದಲ್ಲಿ ಅರವತ್ತರ ಮೇಲೆ. ಶೇಂಗಾ ಎಣ್ಣೆಯಲ್ಲಿ ಇಪ್ಪತ್ತರೊಳಗೆ. ಸಾಧಾರಣ ಕುಸುಬಿ ಎಣ್ಣೆಯಲ್ಲಿ ಹತ್ತಕ್ಕೂ ಕಡಿಮೆ. ಅದರ ನೂರು ಪಾಲಿನಲ್ಲಿ ಎಪ್ಪತ್ತಕ್ಕೂ ಮಿಕ್ಕಿ ಲಿನೋಲಿಕ್ ಎಂಬ ಅಪರ್ಯಾಪ್ತ ಆಮ್ಲವಿದೆ.

ಪರ್ಯಾಪ್ತ ಕೊಬ್ಬು ಹೆಚ್ಚಾದರೆ ರಕ್ತದಲ್ಲಿ ‘ಎಲ್‌ಡಿಎಲ್’ ಎಂಬ, ಜನರು ಕೆಟ್ಟ ಕೊಲೆಸ್ಟರಾಲ್ ಎಂದು ಕರೆಯುವ ಅಂಶವು ಏರುತ್ತದೆ. ಅದು ವರ್ಷಾನುಗಟ್ಟಲೆ ಏರಿಯೇ ಇದ್ದರೆ ರಕ್ತನಾಳಗಳ ಒಳಗೋಡೆಯಲ್ಲಿ ಮೆಲ್ಲಮೆಲ್ಲನೆ ಮೆತ್ತಿಕೊಳ್ಳುತ್ತದೆ. ಈ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರ ತನ್ನ ಸೂಚನೆಯಲ್ಲಿ, ದಿನದ ಒಟ್ಟು ಆಹಾರಶಕ್ತಿಯಲ್ಲಿ ಪರ್ಯಾಪ್ತ ಕೊಬ್ಬಿನ ಪಾಲು ನೂರಕ್ಕೆ ಹತ್ತನ್ನು ಮೀರಬಾರದೆಂದು ಹೇಳಿದೆ. ದಿನಕ್ಕೆ ಎರಡು ಸಾವಿರ ಕ್ಯಾಲೊರಿ ಉಣ್ಣುವವರಿಗೆ ಇದು ಸುಮಾರು ೨೨ ಗ್ರಾಂ. ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಸುಮಾರು ೧೪ ಗ್ರಾಂ ತೂಗುತ್ತದೆ. ಅದರಲ್ಲಿ ಹನ್ನೆರಡು ಗ್ರಾಂನಷ್ಟು ಪರ್ಯಾಪ್ತ ಕೊಬ್ಬೇ. ಎರಡು ಚಮಚವಾದರೆ ದಿನದ ಲೆಕ್ಕ ಮುಗಿದು ಮೇಲಾಯಿತು. ಹಾಲು, ಮೊಸರು, ತುಪ್ಪಗಳ ಲೆಕ್ಕ ಇನ್ನೂ ಹಿಡಿದೇ ಇಲ್ಲ!

ಈಗ ಕೊಬ್ಬರಿ ಎಣ್ಣೆಯ ಪರವಾಗಿ ಹೇಳುವವರ ಮಾತನ್ನೂ ಕೇಳೋಣ. ಒಂದು ಪಕ್ಷವನ್ನಷ್ಟೇ ಕೇಳಿ ತೀರ್ಪು ಕೊಡುವದು ನ್ಯಾಯವಲ್ಲ.

ಅವರ ಮೊದಲನೆಯ ಮಾತು: ಇದರ ಕೊಬ್ಬಿನ ಸರಪಣಿಗಳು ಗಿಡ್ಡವಾದುವು, ಬೇಗ ಜೀರ್ಣವಾಗಿ ಶಕ್ತಿಯಾಗುತ್ತವೆ, ಮೈಯಲ್ಲಿ ಕೂಡುವದಿಲ್ಲ. ಇದರಲ್ಲಿ ಅರೆ ಸತ್ಯವಿದೆ. ಎಂಟು, ಹತ್ತು ಇಂಗಾಲದ ಗಿಡ್ಡ ಸರಪಣಿಗಳು ನೇರವಾಗಿ ಯಕೃತ್ತಿಗೆ ಹೋಗಿ ಬೇಗ ಖರ್ಚಾಗುವವು ನಿಜ. ಆದರೆ ಕೊಬ್ಬರಿ ಎಣ್ಣೆಯಲ್ಲಿ ಅವುಗಳ ಪಾಲು ನೂರಕ್ಕೆ ಹದಿನೈದರ ಆಸುಪಾಸು ಮಾತ್ರ. ಅರ್ಧದಷ್ಟು ಇರುವದು ಹನ್ನೆರಡು ಇಂಗಾಲದ ಲಾರಿಕ್ ಆಮ್ಲ; ಅದರ ಬಹುಭಾಗವು ಉದ್ದ ಸರಪಣಿಗಳ ದಾರಿಯಿಂದಲೇ ರಕ್ತವನ್ನು ಸೇರುತ್ತದೆ. ಮೈ ಇಳಿದ ಪ್ರಯೋಗಗಳಲ್ಲಿ ಕೊಟ್ಟದ್ದು ಗಿಡ್ಡ ಸರಪಣಿಗಳನ್ನಷ್ಟೇ ಬೇರ್ಪಡಿಸಿ ಮಾಡಿದ ವಿಶೇಷ ಎಣ್ಣೆ. ಅಂಗಡಿಯ ಕೊಬ್ಬರಿ ಎಣ್ಣೆಯಲ್ಲ. ಒಬ್ಬನ ಗುಣವನ್ನು ಅವನ ಹೆಸರಿನ ಇನ್ನೊಬ್ಬನಿಗೆ ಹಚ್ಚಿದಂತಾಯಿತು.

ಎರಡನೆಯ ಮಾತು: ತೆಂಗನ್ನೇ ತಿಂದು ಬದುಕುವ ದ್ವೀಪವಾಸಿಗಳಿಗೆ ಹೃದ್ರೋಗವಿಲ್ಲ. ಇದಕ್ಕೂ ಆಧಾರವಿದೆ. ಪ್ರಶಾಂತ ಮಹಾಸಾಗರದ ಪುಕಾಪುಕಾ, ಟೊಕೆಲಾವು ಎಂಬ ದ್ವೀಪಗಳ ಜನರ ಬಗ್ಗೆ ೧೯೮೧ರಲ್ಲಿ ಒಂದು ವರದಿ ಪ್ರಕಟವಾಯಿತು. ಪುಕಾಪುಕಾದವರಿಗೆ ಆಹಾರಶಕ್ತಿಯ ನೂರಕ್ಕೆ ೩೪ ಪಾಲು, ಟೊಕೆಲಾವಿನವರಿಗೆ ೬೩ ಪಾಲು ತೆಂಗಿನಿಂದಲೇ ಬರುತ್ತಿತ್ತು. ಆದರೂ ರಕ್ತನಾಳದ ರೋಗ ವಿರಳವಾಗಿತ್ತು. ಆದರೆ ವರದಿಯ ಉಳಿದ ಭಾಗವನ್ನು ಯಾರೂ ಹೇಳುವದಿಲ್ಲ. ತೆಂಗು ಹೆಚ್ಚು ತಿನ್ನುತ್ತಿದ್ದ ಟೊಕೆಲಾವಿನವರ ಕೊಲೆಸ್ಟರಾಲ್ ಪುಕಾಪುಕಾದವರಿಗಿಂತ ಹೆಚ್ಚಾಗಿಯೇ ಇತ್ತು. ಅಲ್ಲದೆ ಅವರು ತಿನ್ನುತ್ತಿದ್ದುದು ನಾರಿನಿಂದ ಕೂಡಿದ ತೆಂಗಿನಕಾಯಿಯನ್ನು, ಮೀನನ್ನು. ಸಕ್ಕರೆ ಅಲ್ಪ, ಮೈಗೆ ಕೆಲಸ ಬಹಳ. ಕುರ್ಚಿಯ ಮೇಲೆ ಕುಳಿತು ಕರಿದ ಬಜಿ ತಿಂದು, ಸಕ್ಕರೆ ಚಹ ಕುಡಿದು, ಅದರ ಮೇಲೊಂದು ಚಮಚ ಎಣ್ಣೆ ಕುಡಿದವನು ದ್ವೀಪವಾಸಿಯಾಗಲಾರನು.

ಮೂರನೆಯ ಮಾತು ನಮ್ಮ ನೆರೆಯ ಕೇರಳದ್ದು. ಕೊಚ್ಚಿಯಲ್ಲಿ ಹೃದ್ರೋಗಿಗಳಾದ ಇನ್ನೂರು ಜನರಿಗೆ, ಕೆಲವರಿಗೆ ಕೊಬ್ಬರಿ ಎಣ್ಣೆ, ಕೆಲವರಿಗೆ ಸೂರ್ಯಕಾಂತಿ ಎಣ್ಣೆಯನ್ನು ಅಡಿಗೆಗೆ ಕೊಟ್ಟು ಎರಡು ವರ್ಷ ನೋಡಿದರು. ೨೦೧೬ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡು ಗುಂಪುಗಳ ನಡುವೆ ಗಣನೀಯ ಭೇದ ಕಾಣಲಿಲ್ಲ. ಒಳ್ಳೆಯದು. ಆದರೆ ಅವರು ತಕ್ಕ ಔಷಧೋಪಚಾರದಲ್ಲಿದ್ದರೆಂಬುದನ್ನೂ, ಒಂದು ಎಣ್ಣೆಯ ಬದಲು ಇನ್ನೊಂದನ್ನು ಕೊಟ್ಟರೇ ಹೊರತು ಇದ್ದುದರ ಮೇಲೆ ಹೆಚ್ಚಿಗೆ ಕುಡಿಸಲಿಲ್ಲವೆಂಬುದನ್ನೂ ಲಕ್ಷ್ಯದಲ್ಲಿಡಬೇಕು. ಇಂಥ ಹದಿನಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೨೦ರಲ್ಲಿ ಅಮೇರಿಕದ ಹೃದ್ರೋಗ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಪರಾಮರ್ಶೆಯಂತೆ, ಶೇಂಗಾ ಕುಸುಬಿಗಳಂಥ ದ್ರವ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆಯು ಕೆಟ್ಟ ಕೊಲೆಸ್ಟರಾಲನ್ನು ಡೆಸಿಲೀಟರಿಗೆ ಸುಮಾರು ಹತ್ತು ಮಿಲಿಗ್ರಾಂ ಏರಿಸುತ್ತದೆ. ಒಳ್ಳೆಯದೆನ್ನಿಸಿಕೊಂಡದ್ದನ್ನೂ ನಾಲ್ಕು ಮಿಲಿಗ್ರಾಂ ಏರಿಸುತ್ತದೆ. ಒಳ್ಳೆಯದು ಏರಿದ್ದರಿಂದ ಕೆಟ್ಟದ್ದರ ಹಾನಿ ತಪ್ಪುವದೆಂಬುದಕ್ಕೆ ಆಧಾರವಿಲ್ಲ.

೨೦೧೮ರಲ್ಲಿ ಜರ್ಮನಿಯ ಫ್ರೈಬುರ್ಗಿನಲ್ಲಿ ಪ್ರಾಧ್ಯಾಪಕಿಯೊಬ್ಬರು ಕೊಬ್ಬರಿ ಎಣ್ಣೆಯನ್ನು ನೇರವಾಗಿ ವಿಷವೆಂದು ಕರೆದು ದೊಡ್ಡ ಗದ್ದಲಕ್ಕೆ ಕಾರಣರಾದರು. ಅದೂ ಅತಿಯೇ. ತಲೆಮಾರುಗಳಿಂದ ಕರಾವಳಿಯವರು ಉಂಡುಬಂದ ಪದಾರ್ಥವನ್ನು ವಿಷವೆನ್ನುವದು ಹೇಗೆ ಸಲ್ಲದೋ, ಅದನ್ನು ಅಮೃತವೆಂದು ಚಮಚದಿಂದ ಕುಡಿಯುವದೂ ಹಾಗೆಯೇ ಸಲ್ಲದು. ಅದು ಒಂದು ಅಡಿಗೆಯ ಎಣ್ಣೆ, ಅಷ್ಟೇ.

ಇಷ್ಟು ಓದಿ, ‘ಹಾಗಾದರೆ ನಮ್ಮ ಕುಸುಬಿಯೇ ಶ್ರೇಷ್ಠ’ ಎಂದು ಯಾರಾದರೂ ಹಿಗ್ಗಿದರೆ ಅವರಿಗೂ ಎರಡು ಮಾತು ಹೇಳಬೇಕಾಗಿದೆ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೇಳನೆಯ ಅಧ್ಯಾಯದಲ್ಲಿ ಕುಸುಂಭ ತೈಲದ ವಿಚಾರ ಬಂದಿದೆ. ಅಲ್ಲಿ ಅದಕ್ಕೆ ಸ್ತುತಿಯಿಲ್ಲ. ಅದು ಉಷ್ಣವೆಂದೂ, ಜಡವೆಂದೂ, ಉರಿಯನ್ನುಂಟುಮಾಡುವದೆಂದೂ, ದೋಷಗಳನ್ನು ಕೆರಳಿಸುವದೆಂದೂ ಇದೆ. ಚರಕನು ತೈಲಗಳಲ್ಲಿ ಹೆಚ್ಚಿನ ಸ್ಥಾನವನ್ನು ಕೊಟ್ಟುದು ಎಳ್ಳೆಣ್ಣೆಗೆ. ಶಾಸ್ತ್ರವನ್ನು ಬೇಕಾದಾಗ ತೆಗೆದು ಬೇಡವಾದಾಗ ಮುಚ್ಚಿಡುವದು ಪಂಡಿತರ ಲಕ್ಷಣವಲ್ಲ, ಆದುದರಿಂದ ಇದನ್ನೂ ಹೇಳಿದೆವು.

ಈ ಕಾಲದ ಶಾಸ್ತ್ರವೂ ಒಂದು ಎಚ್ಚರಿಕೆಯನ್ನು ಕೊಟ್ಟಿದೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ ೧೯೬೬ರಿಂದ ೧೯೭೩ರ ವರೆಗೆ ಹೃದ್ರೋಗದಿಂದ ಚೇತರಿಸಿಕೊಂಡ ೪೫೮ ಗಂಡಸರ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ ಬೆಣ್ಣೆ ಮೊದಲಾದ ಪರ್ಯಾಪ್ತ ಕೊಬ್ಬನ್ನು ಬಿಡಿಸಿ ಕುಸುಬಿ ಎಣ್ಣೆಯನ್ನೂ ಅದರಿಂದಾದ ಮಾರ್ಗರಿನ್ನನ್ನೂ ಧಾರಾಳವಾಗಿ ಕೊಟ್ಟರು. ಹಳೆಯ ಕಾಗದಪತ್ರಗಳನ್ನು ಮತ್ತೆ ಪರಿಶೀಲಿಸಿ ೨೦೧೩ರಲ್ಲಿ ಪ್ರಕಟಿಸಿದಾಗ ಕಂಡುದೇನೆಂದರೆ, ಕುಸುಬಿಯ ಗುಂಪಿನಲ್ಲಿ ನೂರಕ್ಕೆ ೧೭.೬ ಜನ, ಇನ್ನೊಂದು ಗುಂಪಿನಲ್ಲಿ ೧೧.೮ ಜನ ತೀರಿಕೊಂಡಿದ್ದರು. ಇದು ಹಳೆಯ, ಚಿಕ್ಕ ಪ್ರಯೋಗ. ಬೇರೆ ಅನೇಕ ಪ್ರಯೋಗಗಳು ಇದಕ್ಕೆ ವಿರುದ್ಧವಾಗಿ, ದ್ರವ ಎಣ್ಣೆಗಳಿಂದ ಹೃದಯಕ್ಕೆ ಹಿತವೇ ಎಂದಿವೆ. ಆದರೂ ಒಂದು ಪಾಠ ಸ್ಪಷ್ಟ. ಕುಸುಬಿಯಲ್ಲಿ ಲಿನೋಲಿಕ್ ಆಮ್ಲ ತುಂಬಿದೆ, ಆದರೆ ‘ಒಮೆಗಾ–೩’ ಎಂಬ ಇನ್ನೊಂದು ಬಗೆಯ ಅವಶ್ಯಕ ಆಮ್ಲ ಇಲ್ಲವೆನ್ನುವಷ್ಟು ಅಲ್ಪ. ಒಂದೇ ಎಣ್ಣೆಯನ್ನು ನಂಬಿ ಅದನ್ನೇ ಸುರಿದುಕೊಂಡರೆ ಈ ಕೊರತೆ ತುಂಬುವದಿಲ್ಲ.

ಆ ಕೊರತೆಯನ್ನು ತುಂಬುವ ಪದಾರ್ಥ ಎಲ್ಲಿದೆ? ನಮ್ಮ ಅಡಿಗೆಯ ಮನೆಯ ಡಬ್ಬಿಯಲ್ಲಿಯೇ ಇದೆ. ಅಗಸಿಯ ಎಣ್ಣೆಯಲ್ಲಿ ಅರ್ಧಕ್ಕೂ ಮಿಕ್ಕಿ ಇರುವದು ಅದೇ ಒಮೆಗಾ–೩ ಬಗೆಯ ಆಮ್ಲ. ರೊಟ್ಟಿಯ ಬದಿಗೆ ಒಂದು ಚಮಚ ಅಗಸಿ ಹಿಂಡಿ, ಪಲ್ಯಕ್ಕೆ ಶೇಂಗಾ ಎಣ್ಣೆಯ ಒಗ್ಗರಣೆ, ಗುರೆಳ್ಳು ಹಿಂಡಿಯ ಮೇಲೆ ತುಸು ಹಸಿ ಕುಸುಬಿ ಎಣ್ಣೆ: ನಮ್ಮ ಅಜ್ಜಿಯರು ಯಾವ ಪ್ರಯೋಗಾಲಯವನ್ನೂ ಕಾಣದೆ ಹಾಕಿಕೊಟ್ಟ ಈ ಮಿಶ್ರಣವನ್ನೇ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಬೇರೆ ಮಾತಿನಲ್ಲಿ ಹೇಳುತ್ತಾರೆ. ಒಂದೇ ಎಣ್ಣೆಗೆ ಅಂಟಿಕೊಳ್ಳಬೇಡಿರಿ, ಎರಡು ಮೂರನ್ನು ಬಳಸಿರಿ, ಅಳತೆ ಮೀರಬೇಡಿರಿ.

ಅಳತೆಯೇ ಮುಖ್ಯ. ಈ ವಿಷಯದಲ್ಲಿ ನಮ್ಮ ಓಣಿಯ ಗೃಹಿಣಿಯೊಬ್ಬರು ಆಡಿದ ಮಾತನ್ನು ಇಲ್ಲಿ ಹೇಳದೆ ಇರಲಾರೆವು.

“ಮಾಸ್ತರ, ನಮ್ಮ ಹುಡುಗ ಬೆಂಗಳೂರಿಂದ ಎರಡು ಬಾಟ್ಲಿ ಕೊಬ್ಬರಿ ಎಣ್ಣಿ ಕಳಿಸ್ಯಾನ್ರಿ. ದಿನಾ ಮುಂಜಾನೆದ್ದು ಒಂದೊಂದು ಚಮಚ ಕುಡೀರಿ, ಎದಿಗೆ ಚಲೋ ಅಂತಾನ. ಇವರಿಗೆ ಮೊದಲ ಸಕ್ಕರಿ ಬ್ಯಾನಿ ಐತಿ. ಕುಡಸ್ಲೋ ಬ್ಯಾಡೋ?”

“ಎಷ್ಟು ಕುಡಸ್ತೀಯೋ ಅಷ್ಟು ಒಗ್ಗರಣಿ ಎಣ್ಣಿ ಕಡಿಮಿ ಮಾಡ್ತೀ ಏನವ್ವಾ?” ಎಂದು ಕೇಳಿದೆವು.

“ಅದ್ಯಾಕ್ರಿ ಕಡಿಮಿ ಮಾಡ್ಲಿ? ಹುಡುಗ ಹಾಕ್ರಿ ಅಂದಾನ, ತಗೀರಿ ಅಂದಿಲ್ಲ!”

ಆ ತಾಯಿ ನಕ್ಕು ಹೇಳಿದ ಈ ಮಾತಿನಲ್ಲಿ ಇಡಿಯ ವಿಷಯದ ತಿರುಳಿದೆ. ಹಿತವೆಂದು ಹೇಳುವವರೆಲ್ಲರೂ ಹಾಕಿರೆನ್ನುತ್ತಾರೆ, ತೆಗೆಯಿರೆನ್ನುವವರಿಲ್ಲ. ತಾಟಿನಲ್ಲಿ ಇದ್ದುದೆಲ್ಲ ಇದ್ದೇ ಇರುತ್ತದೆ, ಅದರ ಮೇಲೆ ಹೊಸದೊಂದು ಬಂದು ಕೂಡುತ್ತದೆ. ಎಣ್ಣೆ ಯಾವುದೇ ಆಗಲಿ, ಒಂದು ಗ್ರಾಂಗೆ ಒಂಬತ್ತು ಕ್ಯಾಲೊರಿ. ದೊಡ್ಡ ಚಮಚಕ್ಕೆ ಸುಮಾರು ನೂರಿಪ್ಪತ್ತು. ಅದನ್ನು ಖರ್ಚು ಮಾಡಲಿಕ್ಕೆ ವಯಸ್ಸಾದವರು ಅರ್ಧ ಗಂಟೆ ನಡೆಯಬೇಕು. ನಡೆಯದಿದ್ದರೆ ಅದು ಮೈಯಲ್ಲಿಯೇ ಉಳಿಯುತ್ತದೆ. ಸಕ್ಕರೆಯ ರೋಗವುಳ್ಳವರಿಗೆ ಹೃದಯದ ಭಯ ಮೊದಲೇ ಹೆಚ್ಚು. ಅವರ ತಾಟಿಗೆ ಇಂಥದನ್ನು ವೈದ್ಯರನ್ನು ಕೇಳದೆ ಕೂಡಿಸುವದು ಪ್ರೀತಿಯಿಂದಲೇ ಮಾಡಿದ ಕೇಡಾದೀತು. ಮಗನ ಪ್ರೀತಿಯಲ್ಲಿ ಸಂಶಯವಿಲ್ಲ. ಸ್ನೇಹದ ಎರಡು ಅರ್ಥಗಳು ಇಲ್ಲಿ ಒಂದಕ್ಕೊಂದು ಅಡ್ಡಬಂದವು. ಆ ಬಾಟಲಿಗಳನ್ನು ಮರಳಿ ಕಳಿಸುವ ಕಾರಣವಿಲ್ಲವೆಂದೂ, ಅವಲಕ್ಕಿಯ ಒಗ್ಗರಣೆಗೋ ಕರಾವಳಿಯ ರೀತಿಯ ಒಂದು ಪಲ್ಯಕ್ಕೋ ಬಳಸಿ, ಆ ದಿನ ಬೇರೆ ಎಣ್ಣೆಯನ್ನು ಅಷ್ಟಕ್ಕಷ್ಟು ಬಿಡಬೇಕೆಂದೂ, ಯಜಮಾನರನ್ನು ಮಾತ್ರ ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಕೊಲೆಸ್ಟರಾಲಿನ ಪರೀಕ್ಷೆ ಮಾಡಿಸಬೇಕೆಂದೂ ಹೇಳಿ ಕಳಿಸಿದೆವು.

ಗೃಹಿಣಿಯರಿಗೆ ಉಪಯೋಗವಾಗಲೆಂದು ಅಳತೆಯ ಒಂದು ಸುಲಭ ಕ್ರಮವನ್ನು ಬರೆಯುತ್ತೇವೆ. ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೪ರಲ್ಲಿ ಪ್ರಕಟಿಸಿದ ಮಾದರಿ ತಾಟಿನಲ್ಲಿ, ಎರಡು ಸಾವಿರ ಕ್ಯಾಲೊರಿಯ ಊಟಕ್ಕೆ ಎಣ್ಣೆ ತುಪ್ಪಗಳೆಲ್ಲ ಕೂಡಿ ೨೭ ಗ್ರಾಂ ಇದೆ. ಕುಳಿತು ಕೆಲಸ ಮಾಡುವವರಿಗೆ ಇನ್ನೂ ತುಸು ಕಡಿಮೆ, ಹೊಲದಲ್ಲಿ ದುಡಿಯುವವರಿಗೆ ಹೆಚ್ಚು. ಸರಾಸರಿ ಒಬ್ಬರಿಗೆ ೨೫ ಗ್ರಾಂ ಹಿಡಿಯೋಣ. ಐದು ಜನ ದೊಡ್ಡವರ ಮನೆಗೆ ದಿನಕ್ಕೆ ೧೨೫ ಗ್ರಾಂ. ತಿಂಗಳಿಗೆ ಮೂರು ಮುಕ್ಕಾಲು ಕಿಲೋ. ಹಬ್ಬದ ಕರಿದದ್ದು, ಬೇಳೆಯ ಮೇಲಿನ ತುಪ್ಪ ಎಲ್ಲವೂ ಇದರೊಳಗೇ ಬರಬೇಕು. ತಿಂಗಳ ಮೊದಲನೆಯ ದಿನ ಅಷ್ಟನ್ನು ಅಳೆದು ಬೇರೆ ಡಬ್ಬಿಯಲ್ಲಿ ಇಡಿರಿ. ಅದರಿಂದಲೇ ತೆಗೆದು ಅಡಿಗೆ ಮಾಡಿರಿ. ಇಪ್ಪತ್ತನೆಯ ತಾರೀಖಿಗೆ ಡಬ್ಬಿಯ ತಳ ಕಂಡರೆ ಮನೆಯವರೆಲ್ಲರಿಗೂ ತೋರಿಸಿರಿ. ಲೆಕ್ಕವನ್ನು ಎಲ್ಲರೂ ತಿಳಿಯಲಿ, ಅಡಿಗೆ ಮಾಡುವವರೊಬ್ಬರೇ ಹೊಣೆ ಹೊರುವದು ಬೇಡ. ಎಳೆಯ ಮಕ್ಕಳಿಗೆ ಮಾತ್ರ ಈ ಬಿಗಿ ಸಲ್ಲದು; ಬೆಳೆಯುವ ಮೈಗೆ ಸ್ನೇಹ ಬೇಕು.

ಇಷ್ಟಾದ ಮೇಲೆ ಕೊಬ್ಬರಿ ಎಣ್ಣೆಯ ರುಚಿಯನ್ನು ಬಯಸುವವರು ಅವಶ್ಯವಾಗಿ ಬಳಸಬಹುದು, ಆ ಡಬ್ಬಿಯ ಲೆಕ್ಕದೊಳಗೆ. ಕೊಳ್ಳುವಾಗ ಒಂದು ಎಚ್ಚರವಿರಲಿ. ಒಂದೇ ಎಣ್ಣೆಯು ತಲೆಗೂ ಬರುತ್ತದೆ, ಅಡಿಗೆಗೂ ಬರುತ್ತದೆ. ಚಿಕ್ಕ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆಯು ಆಹಾರವೋ ಕೇಶತೈಲವೋ ಎಂಬ ತೆರಿಗೆಯ ವಾದವು ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋಗಿ, ಕೇಶತೈಲವೆಂದು ಮಾರದಿದ್ದರೆ ಅದು ಖಾದ್ಯ ತೈಲವೇ ಎಂದು ೨೦೨೪ರ ಡಿಸೆಂಬರಿನಲ್ಲಿ ತೀರ್ಪಾಯಿತು. ಗೃಹಸ್ಥರು ನೋಡತಕ್ಕದ್ದು ಇಷ್ಟೇ: ಬಾಟಲಿಯ ಮೇಲೆ ಖಾದ್ಯ ತೈಲವೆಂದು ಬರೆದಿರಬೇಕು, ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಿಗೆಯ ಅಂಕಿ ಮತ್ತು ಹಸಿರು ಗುರುತು ಇರಬೇಕು. ಸುಗಂಧ ಬೆರೆಸಿದ ತಲೆಯ ಎಣ್ಣೆಯನ್ನು ಬಾಯಿಗೆ ಹಾಕತಕ್ಕದ್ದಲ್ಲ. ಯಾವ ಎಣ್ಣೆಯನ್ನೇ ಆಗಲಿ ಮೇಲಿಂದ ಮೇಲೆ ಕಾಯಿಸಿ ಕರಿಯಬೇಡಿರಿ. ಕಾದು ಕಾದು ಅದು ಕೆಡುತ್ತದೆ, ಕುಸುಬಿ ಸೂರ್ಯಕಾಂತಿಗಳಂಥ ಎಣ್ಣೆಗಳು ಇನ್ನೂ ಬೇಗ ಕೆಡುತ್ತವೆ. ಅಂಗಡಿಗಳವರು ಹೀಗೆ ಕೆಟ್ಟ ಎಣ್ಣೆಯನ್ನು ಬಳಸದಿರಲೆಂದು ಸರಕಾರವು ೨೦೧೮ರ ಜುಲೈಯಿಂದ ಒಂದು ಮಿತಿಯನ್ನೇ ಹಾಕಿದೆ. ಕೊಲೆಸ್ಟರಾಲ್ ಏರಿದವರು, ಹೃದ್ರೋಗವುಳ್ಳವರು ವೈದ್ಯರು ಹೇಳಿದ ಗುಳಿಗೆಗಳನ್ನು ಬಿಟ್ಟು ಎಣ್ಣೆಯ ಚಮಚವನ್ನು ಹಿಡಿಯುವ ಸಾಹಸವನ್ನು ಎಂದಿಗೂ ಮಾಡಬಾರದು. ತೆಂಗನ್ನು ತಿನ್ನುವ ಆಸೆಯಿದ್ದವರಿಗೆ ಎಣ್ಣೆಗಿಂತ ಕಾಯಿಯ ಚೂರೇ ಮೇಲು. ಅದರಲ್ಲಿ ನಾರಿದೆ, ಅಗಿಯುವ ಶ್ರಮವಿದೆ, ಆ ಶ್ರಮವೇ ಮಿತಿಯನ್ನು ಕಲಿಸುತ್ತದೆ.

ಕೊನೆಯದಾಗಿ ಇನ್ನೊಂದು ಮಾತು. ನಮ್ಮ ಕಡೆಯ ಹೊಲಗಳಲ್ಲಿ ಕುಸುಬಿಯ ಹಳದಿ ಹೂವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿದೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಸಂಶೋಧನ ಕೇಂದ್ರದಿಂದ ಬಂದ ‘ಎ–೧’ ತಳಿಯು ಒಂದು ಕಾಲಕ್ಕೆ ಬಹಳ ಹೆಸರಾಗಿತ್ತು. ಈಗ ಕಾಲುವೆಯ ನೀರು ಬಂದಲ್ಲಿ ಕಬ್ಬು ಬಂತು. ಬಾರದಲ್ಲಿ ಕಡಲೆ, ತೊಗರಿಗಳು ಬಂದವು. ಮುಳ್ಳಿನ ಕುಸುಬಿಯನ್ನು ಕೊಯ್ಯಲಿಕ್ಕೆ ಆಳು ಸಿಗುವದು ಕಷ್ಟ. ರೈತನನ್ನು ದೂಷಿಸುವಂತಿಲ್ಲ, ಬೆಲೆ ಬಂದುದನ್ನು ಅವನು ಬೆಳೆಯುತ್ತಾನೆ. ನಮ್ಮ ದೇಶವು ತಿನ್ನುವ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸುತ್ತಿದೆ. ಹೀಗಿರುವಾಗ ಬಿಳಿಜೋಳದ ನಾಡಿನವರು ತಮ್ಮ ಹೊಲದ ಅಂಚಿನ ಎಣ್ಣೆಯನ್ನು ಮರೆತು, ಬಂದ ಬಂದ ಬಾಟಲಿಗಳಲ್ಲಿ ಆರೋಗ್ಯವನ್ನು ಹುಡುಕುವದು ವಿಚಾರ ಮಾಡತಕ್ಕ ಸಂಗತಿಯಾಗಿದೆ. ಕರಾವಳಿಯವರಿಗೆ ಅವರ ತೆಂಗು ಹೇಗೋ ನಮಗೆ ಕುಸುಬಿ ಶೇಂಗಾಗಳು ಹಾಗೆ. ಅವು ಬಡವರ ಎಣ್ಣೆಗಳೆಂದು ಕೀಳಾಗಿ ಕಾಣುವ ಕಾರಣವಿಲ್ಲ. ಔಷಧಗಳೆಂದು ಮೇಲಕ್ಕೇರಿಸುವ ಕಾರಣವೂ ಇಲ್ಲ.

ಆದುದರಿಂದ ಈ ತಿಂಗಳು ಹೊಸ ಎಣ್ಣೆಯನ್ನು ತರುವ ಮೊದಲು ವಾಚಕರು ಮನೆಯಲ್ಲಿರುವ ಎಣ್ಣೆಯನ್ನು ಒಮ್ಮೆ ತೂಗಿ ನೋಡಬೇಕೆಂದು ವಿನಂತಿಸಿ, ಲೇಖನಿಯನ್ನು ಕೆಳಗಿಡುತ್ತೇವೆ.